120 ಮಿ.ಮೀ. ಲಿಕ್ವಿಡ್ ಕೂಲರ್: ಕಾರವಾರದ ಸೆಕೆ, ಉಪ್ಪುಗಾಳಿ ತಡೆದೀತೇ?

ಕೋಡಿಬಾಗ್_ಡೆಸ್ಕ್

ನಮಸ್ಕಾರ. ಪಿಸಿಗೆ ಹೊಸ 120 ಮಿ.ಮೀ. ಎಐಒ (ಪಂಪ್, ಪೈಪು, ರೇಡಿಯೇಟರ್ ಎಲ್ಲ ಸೇರಿಯೇ ಬರುವ) ಲಿಕ್ವಿಡ್ ಕೂಲರ್ ಕೂರಿಸಿ ಎರಡು ದಿನ ಉಷ್ಣತೆ ಅಳೆದಿದ್ದೇನೆ. ಕೂರಿಸಿದ್ದು ತಪ್ಪೋ, ಮಾಲೇ ಕಳಪೆಯೋ ತಿಳಿಯಬೇಕು. ವಾಪಸ್ ಕಳಿಸಲು ಇನ್ನು 5 ದಿನ ಅವಕಾಶವಿದೆ.

ಪ್ರೊಸೆಸರ್ ರೈಜೆನ್ 7 5700ಎಕ್ಸ್, ಓವರ್‌ಕ್ಲಾಕ್ ಇಲ್ಲ. ಬೋರ್ಡ್ ಮೈಕ್ರೊ ಎಟಿಎಕ್ಸ್. ಕ್ಯಾಬಿನೆಟ್ ಸಣ್ಣದು, ಪ್ರೊಸೆಸರ್ ತಲೆಯಿಂದ ಪಕ್ಕದ ಗಾಜಿಗೆ 148 ಮಿ.ಮೀ. ಅಷ್ಟೇ. ಡೀಪ್‌ಕೂಲ್ ಎಕೆ400 ಎಂಬ ಗಾಳಿ ಕೂಲರಿನ ಎತ್ತರವೇ 155, ಅದು ಹಿಡಿಸುವುದಿಲ್ಲ. ಹಾಗಾಗಿ ಇದನ್ನು ತರಿಸಿದ್ದು.

ರೇಡಿಯೇಟರ್ ಹಿಂಬದಿಯ ಫ್ಯಾನ್ ಜಾಗದಲ್ಲಿದೆ, ಪೈಪುಗಳು ಮೇಲ್ಗಡೆ, ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತದೆ. ಪಂಪಿನ 3 ಪಿನ್ ವೈರನ್ನು ಬೋರ್ಡಿನ ಸಿಸ್ಟಮ್ ಫ್ಯಾನ್ ಹೆಡರಿಗೆ (ವೈರ್ ಸಿಕ್ಕಿಸುವ ಪಿನ್ನುಗಳು) ಕೊಟ್ಟಿದ್ದೇನೆ, ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಅದರ ವೇಗ ಆಟೊ. ಪಂಪಿನ ಆರ್‌ಪಿಎಂ 1,500ರಿಂದ 2,700ರ ನಡುವೆ ಏರಿಳಿಯುತ್ತಿದೆ.

ಮಧ್ಯಾಹ್ನ ಕೋಣೆ 32 ಡಿಗ್ರಿ ಇದ್ದಾಗ ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಆರ್23 ಪರೀಕ್ಷೆಯನ್ನು 30 ನಿಮಿಷ ಓಡಿಸಿದೆ. ಪ್ರೊಸೆಸರ್ ಸುಮ್ಮನಿದ್ದಾಗ 44 ಡಿಗ್ರಿ. ಶುರುವಾದ 15 ಸೆಕೆಂಡಿಗೆ 64. 10 ನಿಮಿಷಕ್ಕೆ 73. 30 ನಿಮಿಷಕ್ಕೆ 79, ಆಗಲೂ ಏರುತ್ತಲೇ ಇತ್ತು. ಪ್ರೊಸೆಸರ್ ಎಳೆಯುವುದು 76 ವ್ಯಾಟ್ ಎಂದು ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶ ತೋರಿಸುತ್ತದೆ. ಬೆಳಿಗ್ಗೆ ಆನ್ ಮಾಡಿದ ಮೊದಲ ನಿಮಿಷ ಒಳಗಿಂದ ಗುಳುಗುಳು ಸದ್ದು ಬರುತ್ತದೆ.

ಇದೇ ಗಾತ್ರದ ಕೂಲರ್‌ಗಳು ರಿವ್ಯೂ ವಿಡಿಯೊಗಳಲ್ಲಿ 60ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಇನ್ನೊಂದು ಚಿಂತೆ: ಕಿಟಕಿ ಕಾಳಿ ನದಿ ಸಮುದ್ರ ಸೇರುವ ಕಡೆಗೇ ಇದೆ. ಈ ಉಪ್ಪುಗಾಳಿಗೆ ಅಲ್ಯೂಮಿನಿಯಂ ರೇಡಿಯೇಟರ್ ಎಷ್ಟು ದಿನ ಬಾಳೀತು?

ಕುಮಟಾ_ಬೆಂಚ್

79 ಎಂಬ ಒಂದೇ ಅಂಕಿ ಹಿಡಿದು ಕೂಲರನ್ನು ತೂಗಬೇಡಿ. ಮೊದಲು ಕೋಣೆಯ 32 ಕಳೆಯಿರಿ, ಉಳಿದದ್ದು 47. ಇದೇ ಕೂಲರನ್ನು 21 ಡಿಗ್ರಿಯ ಎಸಿ ಕೋಣೆಯಲ್ಲಿಟ್ಟು 10 ನಿಮಿಷಕ್ಕೇ ಪರೀಕ್ಷೆ ನಿಲ್ಲಿಸಿದರೆ 62 ತೋರಿಸುತ್ತದೆ. ನೀವು ನೋಡಿದ ವಿಡಿಯೊದ ಅಂಕಿಗೂ ನಿಮ್ಮ ಅಂಕಿಗೂ ಇರುವ ವ್ಯತ್ಯಾಸ ಬಹುಪಾಲು ಇಷ್ಟೇ. ಕೋಣೆಯ ಉಷ್ಣತೆ ಹೇಳದ, ಅರ್ಧ ಗಂಟೆ ಓಡಿಸದ ರಿವ್ಯೂ ನಮ್ಮ ಕರಾವಳಿಯವರಿಗೆ ಉಪಯೋಗವಿಲ್ಲ.

ಆದರೂ ನಿಮ್ಮದರಲ್ಲಿ ದೋಷವಿದೆ. ಅದು ಎಲ್ಲಿದೆ ಎಂಬುದನ್ನು ನೀವು ಬರೆದುಕೊಂಡ ಅಂಕಿಗಳೇ ಹೇಳುತ್ತಿವೆ.

44ರಿಂದ 64ಕ್ಕೆ ಹಾರಿದ್ದು 15 ಸೆಕೆಂಡಿನಲ್ಲಿ. ಅಷ್ಟು ಹೊತ್ತಿನಲ್ಲಿ ದ್ರವ ಬಿಸಿಯಾಗಿರುವುದಿಲ್ಲ. ಈ 20 ಡಿಗ್ರಿ ಚಿಪ್, ಶಾಖ ದಾಟಿಸಲು ಅದರ ಮೇಲೆ ಹಚ್ಚುವ ಪೇಸ್ಟ್, ಪಂಪಿನ ತಳದ ತಾಮ್ರದ ತಟ್ಟೆಗಳ ನಡುವಿನದು. 5700ಎಕ್ಸ್‌ನ ಎಂಟೂ ಕೋರ್‌ಗಳು ಸುಮಾರು 80 ಚದರ ಮಿ.ಮೀ. ಚಿಪ್ಪಿನೊಳಗೆ ತುಂಬಿಕೊಂಡಿವೆ. ಶಾಖ ಅಷ್ಟು ಸಣ್ಣ ಜಾಗದಿಂದ ಹೊರಬರಬೇಕಾದ್ದರಿಂದ ಈ ಜಿಗಿತ ಇದ್ದದ್ದೇ. 240 ಅಥವಾ 360 ಮಿ.ಮೀ. ಗಾತ್ರದ ದೊಡ್ಡ ರೇಡಿಯೇಟರ್ ತಂದರೂ ಇದು ಕಡಿಮೆಯಾಗುವುದಿಲ್ಲ. ನಿಮ್ಮ ಪೇಸ್ಟ್ ಸರಿಯಾಗಿ ಕೂತಿದೆ, ಅದನ್ನು ಮುಟ್ಟಬೇಡಿ.

64ರಿಂದ 79ಕ್ಕೆ ನಿಧಾನವಾಗಿ ಏರಿದ 15 ಡಿಗ್ರಿಯೇ ದ್ರವದ ಲೆಕ್ಕ. 76 ವ್ಯಾಟಿಗೆ ಇದು ಜಾಸ್ತಿ. ಅದೂ 30 ನಿಮಿಷಕ್ಕೆ ಒಂದು ಮಟ್ಟಕ್ಕೆ ಬಂದು ನಿಂತಿಲ್ಲ. ಅಂದರೆ ಶಾಖ ರೇಡಿಯೇಟರಿನಿಂದ ಗಾಳಿಗೆ ಸರಿಯಾಗಿ ಹೋಗುತ್ತಿಲ್ಲ.

ಮೊದಲ ಅನುಮಾನ ಪಂಪಿನ ಮೇಲೆ. 3 ಪಿನ್ ಪಂಪಿನ ವೇಗವನ್ನು ಬೋರ್ಡ್ ವೋಲ್ಟೇಜ್ ಇಳಿಸಿಯೇ ಕಡಿಮೆ ಮಾಡುವುದು. ಆಟೊದಲ್ಲಿ ಶೇ 60ಕ್ಕೆ ಇಳಿಸಿದರೆ ಪಂಪಿಗೆ ಸಿಗುವುದು 7.2 ವೋಲ್ಟ್. ಹರಿವು ಕುಂದುತ್ತದೆ, ಕೆಲವು ಪಂಪ್‌ಗಳು ಆನ್ ಮಾಡಿದಾಗ ತಿರುಗಲು ತಡವರಿಸುತ್ತವೆ. ಬಯಾಸ್‌ನಲ್ಲಿ ಆ ಹೆಡರನ್ನು ಡಿಸಿ ಮೋಡ್ (ವೋಲ್ಟೇಜಿನಿಂದ ವೇಗ ನಿಯಂತ್ರಣ), ಶೇ 100ಕ್ಕೆ ನಿಲ್ಲಿಸಿ. ಇನ್ನೂ ಒಳ್ಳೆಯದು, ಪಂಪಿನ ವೈರನ್ನು ಸಿಪಿಯು ಫ್ಯಾನ್ ಹೆಡರಿಗೆ ಕೊಟ್ಟು ರೇಡಿಯೇಟರ್ ಫ್ಯಾನನ್ನು ಸಿಸ್ಟಮ್ ಹೆಡರಿಗೆ ಹಾಕುವುದು. ಪಂಪ್ ಸತ್ತ ದಿನ ಹಲವು ಬೋರ್ಡುಗಳು ಆನ್ ಆಗುವಾಗಲೇ ಫ್ಯಾನ್ ಎರರ್ ತೋರಿಸಿ ನಿಲ್ಲುತ್ತವೆ. ರೇಡಿಯೇಟರ್ ಫ್ಯಾನ್ ಯಾವುದರ ಉಷ್ಣತೆ ನೋಡಿ ವೇಗ ಬದಲಿಸಬೇಕು ಎಂಬುದನ್ನು ಮಾತ್ರ ಮರೆಯದೆ ಸಿಪಿಯುಗೆ (ಪ್ರೊಸೆಸರಿಗೆ) ಬದಲಿಸಿ.

ಎರಡನೆಯದು ಆ ಗುಳುಗುಳು. ಎಐಒ ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಅದು ಎತ್ತರದ ಜಾಗಕ್ಕೆ ಹೋಗಿ ಕೂರುತ್ತದೆ. ನಿಮ್ಮಲ್ಲಿ ಎತ್ತರದ ಜಾಗದಲ್ಲೇ ಪೈಪಿನ ಬಾಯಿ ಇದೆ, ಪಂಪ್ ದ್ರವದ ಜೊತೆ ಗಾಳಿಯನ್ನೂ ಎಳೆಯುತ್ತಿದೆ. ರೇಡಿಯೇಟರನ್ನು ತಲೆಕೆಳಗು ಮಾಡಿ, ಪೈಪುಗಳು ಕೆಳಗೆ ಬರಲಿ, ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲಿ. ತಿರುಗಿಸುವ ಮೊದಲು ಜಾಗ ಅಳೆಯಿರಿ. ಫ್ಯಾನ್ 120 ಇದ್ದರೂ ಎರಡು ತುದಿಯ ಟ್ಯಾಂಕ್ ಸೇರಿ ರೇಡಿಯೇಟರ್ ಉದ್ದ ಸುಮಾರು 155 ಮಿ.ಮೀ. ಇರುತ್ತದೆ, ಫ್ಯಾನ್ ಸೇರಿ ದಪ್ಪ 52. ಕೆಳಗಿನ ಟ್ಯಾಂಕ್ ಮತ್ತು ಪೈಪಿನ ಬಾಗು ಗ್ರಾಫಿಕ್ಸ್ ಕಾರ್ಡಿಗೆ ತಾಗಬಾರದು. ಕೂರಿಸಿದ ಮೇಲೆ ಪಂಪ್ ಓಡುತ್ತಿರುವಾಗಲೇ ಕ್ಯಾಬಿನೆಟ್ಟನ್ನು ಎರಡೂ ಪಕ್ಕಕ್ಕೆ ನಾಲ್ಕಾರು ಬಾರಿ ಮೆಲ್ಲಗೆ ಓರೆ ಮಾಡಿ, ಗುಳ್ಳೆಗಳು ಮೇಲೆ ಸೇರುತ್ತವೆ.

ಇವೆರಡೂ ಆದ ಮೇಲೆ ಅದೇ 30 ನಿಮಿಷದ ಪರೀಕ್ಷೆಯನ್ನು ಒಮ್ಮೆ ಗಾಜು ಮುಚ್ಚಿ, ಒಮ್ಮೆ ತೆಗೆದು ಮಾಡಿ. ಗಾಜು ತೆಗೆದಾಗ ಮೂರು ನಾಲ್ಕು ಡಿಗ್ರಿ ಇಳಿದರೆ ತಪ್ಪು ಕೂಲರಿನದಲ್ಲ, ಕ್ಯಾಬಿನೆಟ್ಟಿನೊಳಗೆ ಗಾಳಿ ಸಾಲುತ್ತಿಲ್ಲ.

ಬೈತಖೋಲ್_ಸರ್ವಿಸ್

ಉಪ್ಪಿನ ವಿಷಯ ನಾನು ಹೇಳುತ್ತೇನೆ.

ಅಡುಗೆ ಉಪ್ಪಿಗೆ ಒಂದು ಗುಣವಿದೆ. ಗಾಳಿಯ ತೇವಾಂಶ ಶೇ 75 ದಾಟಿದರೆ ಅದು ತಾನೇ ನೀರು ಹೀರಿಕೊಂಡು ಕರಗುತ್ತದೆ, ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಒದ್ದೆಯಾಗುವುದು ಇದರಿಂದಲೇ. ರೇಡಿಯೇಟರಿನ ರೆಕ್ಕೆಗಳ ಮೇಲೆ ಕೂತ ಉಪ್ಪೂ ಹಾಗೆಯೇ. ಒಣಗಿರುವಷ್ಟು ಹೊತ್ತು ದೊಡ್ಡ ಉಪದ್ರವಿಲ್ಲ, ಒದ್ದೆಯಾದಾಗ ಅಲ್ಯೂಮಿನಿಯಂ ತಿನ್ನಲು ಶುರು ಮಾಡುತ್ತದೆ. ಬಿಳಿ ಹುಡಿ ಕಂಡರೆ ಅದೇ ಗುರುತು.

ಈಗ ಲೆಕ್ಕ ನೋಡಿ. ಜುಲೈ ತಿಂಗಳಲ್ಲಿ ಕೋಣೆ 27 ಡಿಗ್ರಿ, ತೇವ ಶೇ 90 ಇದೆ ಎಂದುಕೊಳ್ಳಿ. ಆ ಗಾಳಿ ರೇಡಿಯೇಟರ್ ಹತ್ತಿರ 35 ಡಿಗ್ರಿಗೆ ಬಿಸಿಯಾದರೆ ತೇವ ಶೇ 57ರ ಸುಮಾರಿಗೆ ಇಳಿಯುತ್ತದೆ, ಉಪ್ಪು ಒಣಗಿಯೇ ಇರುತ್ತದೆ. ಅಂದರೆ ಪಿಸಿ ಓಡುವಾಗ ರೇಡಿಯೇಟರ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಹಾಳಾಗುವುದು ಆಫ್ ಮಾಡಿಟ್ಟಾಗ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಪಿಸಿಗಿಂತ ದಿನಾ ಒಂದು ಗಂಟೆ ಓಡಿಸಿದ್ದು ಹೆಚ್ಚು ಬಾಳುತ್ತದೆ. ಊರಿಗೆ ಹೋಗುವವರು ಕ್ಯಾಬಿನೆಟ್ಟಿಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹೊದಿಸಿ ಒಳಗೆ ಅರ್ಧ ಕಿಲೊ ಸಿಲಿಕಾ ಜೆಲ್ ಇಟ್ಟು ಬಾಯಿ ಕಟ್ಟಿ ಹೋಗಿ.

ಸ್ವಚ್ಛ ಮಾಡುವಾಗ ಬಹಳ ಜನ ಮಾಡುವ ತಪ್ಪು ಒಂದಿದೆ. ಎಲ್ಲಕ್ಕೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜುತ್ತಾರೆ. ಪೇಸ್ಟಿಗೆ ಅದು ಸರಿ. ಉಪ್ಪು ಆಲ್ಕೊಹಾಲಿನಲ್ಲಿ ಕರಗುವುದಿಲ್ಲ ಮಾರಾಯ್ರೆ, ನೀರೇ ಬೇಕು. ಎರಡು ಮೂರು ತಿಂಗಳಿಗೊಮ್ಮೆ, ಖಂಡಿತವಾಗಿ ಮೇ ಕೊನೆಗೆ ಮತ್ತು ಅಕ್ಟೋಬರಿನಲ್ಲಿ, ಪ್ಲಗ್ ಕಿತ್ತು ಫ್ಯಾನ್ ಬಿಚ್ಚಿ. ರೇಡಿಯೇಟರಿನ ನಾಲ್ಕು ಸ್ಕ್ರೂ ತೆಗೆದು ಪೈಪು ಎಳೆಯದ ಹಾಗೆ ಹೊರಕ್ಕೆ ವಾಲಿಸಿ ಹಿಡಿಯಿರಿ. ಮೊದಲು ಬ್ಲೋವರಿನಿಂದ ಒಣ ಧೂಳು ಹಾರಿಸಿ. ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಮೆತ್ತನೆಯ ಬ್ರಶ್ ಅದ್ದಿ, ಕೊಡವಿ, ರೆಕ್ಕೆಗಳ ನೇರಕ್ಕೆ ಮಾತ್ರ ಆಡಿಸಿ. ಅಡ್ಡ ಉಜ್ಜಿದರೆ ರೆಕ್ಕೆ ಮಡಚುತ್ತದೆ, ಮಡಚಿದಲ್ಲಿ ಗಾಳಿ ಹೋಗುವುದಿಲ್ಲ. ಬಾವಿ ನೀರು ಬೇಡ. ಒಣಗಲು ಫ್ಯಾನಿನ ಕೆಳಗೆ ಎರಡು ಗಂಟೆ ಬಿಡಿ.

ಲಿಕ್ವಿಡ್ ಕೂಲರ್ ಮಳೆಗಾಲದಲ್ಲಿ ಬೆವರುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಇದು ಫ್ರಿಜ್ ಅಲ್ಲ, ದ್ರವ ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಯುವುದೇ ಇಲ್ಲ. ಆದರೆ ಎಸಿ ಇಟ್ಟವರು ಜಾಗ್ರತೆ. ಮೇಲೆ ಹೇಳಿದ ಶೇ 90 ತೇವದ ಗಾಳಿ 25 ಡಿಗ್ರಿಯ ವಸ್ತುವಿಗೆ ತಾಗಿದರೆ ಇಬ್ಬನಿ ಕಟ್ಟುತ್ತದೆ. ರಾತ್ರಿಯಿಡೀ 22ರಲ್ಲಿ ಎಸಿ ಓಡಿಸಿ, ಪಿಸಿ ಆಫ್ ಇರುವಾಗ ಬೆಳಿಗ್ಗೆ ಕಿಟಕಿ ತೆರೆದರೆ ಇಡೀ ಬೋರ್ಡ್ ಒದ್ದೆಯಾದೀತು. ಕಿಟಕಿ ತೆರೆದ ದಿನ ಒಂದು ಗಂಟೆ ಕಾದು ಆನ್ ಮಾಡಿ.

ಸೋಂದಾ_ಸಿಸ್ಟಮ್

ಮೇಲಿನ ಇಬ್ಬರೂ ಹೇಳಿದ್ದು ಸರಿಯೇ. ಆದರೆ 76 ವ್ಯಾಟಿಗೆ ಪಂಪು, ಪೈಪು, ದ್ರವ ಯಾಕೆ ಬೇಕು? 148 ಮಿ.ಮೀ. ಒಳಗೆ ಹಿಡಿಸುವ ಗಾಳಿ ಕೂಲರ್‌ಗಳಿವೆ. 92 ಮಿ.ಮೀ. ಫ್ಯಾನಿನ ನಾಕ್ಟುವಾ ಎನ್‌ಎಚ್-ಯು9ಎಸ್ ಎತ್ತರ 125. ಗಾಳಿ ಕೂಲರಿನಲ್ಲಿ ತಿರುಗುವುದು ಫ್ಯಾನ್ ಒಂದೇ, ಕೆಟ್ಟರೆ ಅದೊಂದನ್ನೇ ಬದಲಿಸಿದರಾಯಿತು. ಎಐಒ ಪಂಪ್ ಕೆಟ್ಟರೆ ಇಡೀ ಕೂಲರ್ ಹೋಯಿತು. ಬದಲಿ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಘಟ್ಟ ಇಳಿದು ಬರುವವರೆಗೆ ಪಿಸಿ ಬಂದ್. ಪ್ರೊಸೆಸರ್ ಸುತ್ತಲಿನ ವಿಆರ್‌ಎಂ (ಪ್ರೊಸೆಸರಿಗೆ ವಿದ್ಯುತ್ ಹದ ಮಾಡಿ ಕೊಡುವ) ಭಾಗಕ್ಕೂ ಇಂಥ ಟವರ್ ಗಾಳಿ ಕೂಲರಿನಿಂದ ಸ್ವಲ್ಪ ಗಾಳಿ ಸಿಗುತ್ತದೆ, ಎಐಒ ಪಂಪಿನಿಂದ ಸಿಗುವುದಿಲ್ಲ.

ಇದೇ ಸಣ್ಣ ಕ್ಯಾಬಿನೆಟ್ಟಿಗೆ 142 ವ್ಯಾಟ್ ಎಳೆಯುವ 5800ಎಕ್ಸ್ ಹಾಕಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು.

ವಾಪಸ್ ಕಳಿಸುವುದಾದರೆ ಎಎಂ4 (ನಿಮ್ಮ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡಿನಲ್ಲಿ ಬಿಚ್ಚುವ ಕ್ರಮ ತಿಳಿದಿರಲಿ. 10 ನಿಮಿಷ ಲೋಡ್ ಕೊಟ್ಟು ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿದ ತಕ್ಷಣ ಸ್ಕ್ರೂ ತೆಗೆದು ಪಂಪನ್ನು ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಿ. ನೇರ ಮೇಲಕ್ಕೆ ಎಳೆದರೆ ಸಾಕೆಟ್ ಲಾಕ್ ಇದ್ದರೂ ಪ್ರೊಸೆಸರ್ ಅಂಟಿಕೊಂಡು ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ.

ಘಟ್ಟದ ಮೇಲಿನವರಿಗೆ ಒಂದು ಮಾತು: ನಮ್ಮಲ್ಲಿ ಉಪ್ಪಿಲ್ಲ, ಬೂಷ್ಟು ಮತ್ತು ಕುಂಬಾರ ಹುಳ ಇವೆ. ರೇಡಿಯೇಟರ್ ಸಂದಿಯಲ್ಲಿ ಹುಳ ಮಣ್ಣು ಮೆತ್ತಿದ್ದರೆ ಕೆದಕಬೇಡಿ, ಒದ್ದೆ ಬ್ರಶ್‌ನಿಂದ ನೆನೆಸಿ ತೆಗೆಯಿರಿ.

ಕೋಡಿಬಾಗ್_ಡೆಸ್ಕ್

ಪಂಪನ್ನು ಸಿಪಿಯು ಫ್ಯಾನ್ ಹೆಡರಿಗೆ ಹಾಕಿ ಶೇ 100 ಮಾಡಿದೆ, ಪೈಪು ಕೆಳಗೆ ತಂದೆ. ಗುಳುಗುಳು ನಿಂತಿದೆ. ಕೋಣೆ 32 ಇದ್ದಾಗ 30 ನಿಮಿಷಕ್ಕೆ 74, ಕೊನೆಯ 8 ನಿಮಿಷ ಅಲ್ಲೇ ನಿಂತಿತ್ತು. ಗಾಜು ತೆಗೆದು ಓಡಿಸಿದರೆ 70. ಹಿಂಬದಿಯ ಫ್ಯಾನನ್ನು ತಿರುಗಿಸಿ ಹೊರಗಿನ ತಂಪು ಗಾಳಿ ಒಳಗೆ ಎಳೆದರೆ ಹೇಗೆ? ಕೆಲವು ವರ್ಷದ ಮೇಲೆ ದ್ರವ ಕಡಿಮೆಯಾದರೆ ತುಂಬಲು ಬರುತ್ತದೆಯೇ?

ಕುಮಟಾ_ಬೆಂಚ್

ಕೋಣೆಗಿಂತ 42 ಹೆಚ್ಚು, ಏರುವುದೂ ನಿಂತಿದೆ. ಕೂಲರಿನಲ್ಲಿ ದೋಷವಿಲ್ಲ. 5700ಎಕ್ಸ್ ಮಿತಿ 90 ಡಿಗ್ರಿ, ಏಪ್ರಿಲ್ ಸೆಕೆಯಲ್ಲಿ ಕೋಣೆ 35ಕ್ಕೆ ಹೋದರೂ 77ರ ಹತ್ತಿರ ನಿಲ್ಲುತ್ತದೆ. ಉಳಿದ 4 ಡಿಗ್ರಿ ಕ್ಯಾಬಿನೆಟ್ಟಿನದು. ಫ್ಯಾನ್ ಒಳಮುಖ ಮಾಡಿದರೆ ಪ್ರೊಸೆಸರ್ ಇನ್ನೂ ತಂಪಾಗುತ್ತದೆ, ಅದು ನಿಜ. ಆದರೆ ಗ್ರಾಫಿಕ್ಸ್ ಕಾರ್ಡಿನ ಶಾಖಕ್ಕೆ ಹೊರದಾರಿ ಬೇರೆ ಬೇಕಾಗುತ್ತದೆ.

ಬೈತಖೋಲ್_ಸರ್ವಿಸ್

ಒಳಮುಖ ಮಾಡಲೇಬೇಡಿ. ಹಿಂಬದಿಗೆ ಧೂಳಿನ ಜಾಲರಿ ಇರುವುದಿಲ್ಲ, ನದಿ ಕಡೆಯ ಗಾಳಿ ನೇರ ರೆಕ್ಕೆಗಳ ಮೇಲೆ ಬೀಳುತ್ತದೆ. ಮುಂದುಗಡೆ ಜಾಲರಿಯ ಹಿಂದೆ ಒಂದು 120 ಫ್ಯಾನ್ ಒಳಮುಖವಾಗಿ ಹಾಕಿ, ಜಾಲರಿಯನ್ನು ವಾರಕ್ಕೊಮ್ಮೆ ನೀರಿನಲ್ಲಿ ತೊಳೆದು ಒಣಗಿಸಿ ಹಾಕಿ. ಉಪ್ಪಿನ ಜಿಗುಟು ಬಹಳಷ್ಟು ಅಲ್ಲೇ ನಿಲ್ಲುತ್ತದೆ.

ದ್ರವದ ಬಗ್ಗೆ: ರಬ್ಬರ್ ಪೈಪಿನ ಮೂಲಕ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುವುದು ಸಹಜ. ಒಳಗಿರುವುದು ಬರೀ ನೀರಲ್ಲ, ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕ ಬೆರೆಸಿದ್ದು. ತಟ್ಟೆ ತಾಮ್ರ, ರೇಡಿಯೇಟರ್ ಅಲ್ಯೂಮಿನಿಯಂ. ಬರೀ ನೀರು ತುಂಬಿದರೆ ಎರಡು ಲೋಹದ ನಡುವೆ ಬ್ಯಾಟರಿಯಂಥ ಕ್ರಿಯೆ ಶುರುವಾಗಿ ಅಲ್ಯೂಮಿನಿಯಂ ಸವೆಯುತ್ತದೆ, ಆ ಕೆಸರು ತಟ್ಟೆಯ ಕೂದಲೆಳೆಯಂಥ ಸಂದುಗಳನ್ನು ಕಟ್ಟಿಹಾಕುತ್ತದೆ. ನಿಮ್ಮದು ತುಂಬುವ ಬಿರಡೆ ಇಲ್ಲದ ಮಾದರಿಯಾದರೆ ಬಿಚ್ಚುವ ಗೋಜಿಗೇ ಹೋಗಬೇಡಿ, ವಾರಂಟಿಯೂ ಹೋಗುತ್ತದೆ.

ಇವತ್ತಿನ 74 ಮತ್ತು 32 ಅನ್ನು ತಾರೀಖಿನೊಂದಿಗೆ ಕ್ಯಾಬಿನೆಟ್ ಒಳಗೇ ಚೀಟಿ ಅಂಟಿಸಿಡಿ. ಆರು ತಿಂಗಳಿಗೊಮ್ಮೆ ಅದೇ ಪರೀಕ್ಷೆ ಮಾಡಿ. ರೇಡಿಯೇಟರ್ ಚೊಕ್ಕಟ ಇದ್ದೂ ನಿಧಾನದ ಏರಿಕೆ ಹೆಚ್ಚುತ್ತಾ ಹೋದರೆ ದ್ರವ ಕಡಿಮೆಯಾಗುತ್ತಿದೆ. ಸುಮ್ಮನಿದ್ದಾಗಲೇ ಒಂದೆರಡು ನಿಮಿಷದಲ್ಲಿ 85 ದಾಟಿ, ರೇಡಿಯೇಟರ್ ಮುಟ್ಟಿದರೆ ತಣ್ಣಗಿದ್ದರೆ ಪಂಪ್ ನಿಂತಿದೆ. ಆಗ ತಕ್ಷಣ ಆಫ್ ಮಾಡಿ, ಬಾಕ್ಸಿನಲ್ಲಿ ಎತ್ತಿಟ್ಟ ಬಿಲ್ಲು ಹುಡುಕಿ.