ಬಿಡಿಎಸ್ ಆದ ಮೇಲೆ ಹೈಜೀನಿಸ್ಟ್ (ಹಲ್ಲು ಕ್ಲೀನ್ ಮಾಡಿ ವಸಡು ನೋಡಿಕೊಳ್ಳುವವರು) ಆದವರು ಇದ್ದೀರಾ? ಮನಸ್ಸಿಗೆ ಸಮಾಧಾನ ಇದೆಯಾ?

ಬೆಣ್ಣೆದೋಸೆ ಊರಿನವಳು
ದಾವಣಗೆರೆಯಲ್ಲಿ ಬಿಡಿಎಸ್ ಮಾಡಿ 7 ವರ್ಷ ಕ್ಲಿನಿಕ್ ನೋಡಿದ್ದೇನೆ. ಈಗ ಕೆನಡಾದ ಬ್ರಾಂಪ್ಟನ್‌ನಲ್ಲಿ ಇದ್ದೇವೆ. ನನಗೆ 36, ಮಗನಿಗೆ 4. ಇಲ್ಲಿ ಡೆಂಟಿಸ್ಟ್ ಆಗಲು ಬರೆಯಬೇಕಾದ ಎನ್‌ಡಿಇಬಿ ಪರೀಕ್ಷೆಗಳಿಗೆ ಕೂರುವ ಶಕ್ತಿ ಇಲ್ಲ. ಹೈಜೀನ್ ಕೋರ್ಸ್ ಸೇರೋಣ ಅಂತ ಯೋಚನೆ. ದುಡ್ಡಿನ ಮಾತು ಬಿಡಿ, ಬೆಳಗ್ಗೆ ಎದ್ದರೆ ಕೆಲಸಕ್ಕೆ ಹೋಗಲು ಮನಸ್ಸು ಬರುತ್ತಾ? ಚಿಕ್ಕ ಮಗು ಇದ್ದವರು ಹೇಗೆ ನಿಭಾಯಿಸಿದಿರಿ?

ಮಿಸಿಸಾಗಾ ಮಲ್ಲಿಗೆ
ದುಡ್ಡಿನ ಮಾತು ಹೇಗಮ್ಮಾ ಬಿಡೋದು? ಫೀಸು 46,000 ಡಾಲರ್. ಇನ್‌ಸ್ಟ್ರುಮೆಂಟ್ ಕಿಟ್ 4,200. ಹಲ್ಲು ದೊಡ್ಡದಾಗಿ ಕಾಣಿಸುವ ಕನ್ನಡಕ, ಲೂಪ್, 1,900, ಅದರ ಲೈಟಿಗೆ ಬೇರೆ 600. ಆಮೇಲೆ ಪರೀಕ್ಷೆ, ನೋಂದಣಿ, ವಿಮೆ. ಮೈಸೂರಿನ ಸೈಟು ಮಾರಿದೆವು. ಆ ಸೈಟಿಗೆ ಈಗ ಎಷ್ಟು ಬೆಲೆ ಅಂತ ನಮ್ಮ ಮಾವ ಪ್ರತಿ ಯುಗಾದಿಗೆ ಫೋನ್ ಮಾಡಿ ಹೇಳುತ್ತಾರೆ.

ಕೋರ್ಸಿನಲ್ಲಿ ಪೇಷೆಂಟನ್ನೂ ನೀವೇ ಹುಡುಕಬೇಕು. ಕ್ಯಾಲ್ಕುಲಸ್, ಅಂದರೆ ಹಲ್ಲಿಗೆ ಗಟ್ಟಿಯಾಗಿ ಅಂಟಿದ ಪಾಚಿ, ಚೆನ್ನಾಗಿ ಕಟ್ಟಿರುವ ಬಾಯಿ ಬೇಕು. ನಾನು ದೇವಸ್ಥಾನದಲ್ಲಿ ದೇವರನ್ನು ನೋಡಲಿಲ್ಲ, ಪ್ರಸಾದದ ಸಾಲಿನವರ ಕೆಳಗಿನ ಮುಂದಿನ ಹಲ್ಲು ನೋಡುತ್ತಿದ್ದೆ. ಒಬ್ಬರು ಸಿಕ್ಕರು. ಮೂರು ಸಲ ಬಂದರು. ನಾಲ್ಕನೇ ಸಲ ಹಿಮ ಬಿತ್ತು, ಬರಲಿಲ್ಲ. ನನ್ನ ಕೇಸೇ ಪೂರ್ತಿ ಆಗಲಿಲ್ಲ. ಒಂದು ಟರ್ಮ್ ಹೋಯಿತು.

ಈಗ 6 ವರ್ಷ ಆಯಿತು. ಊರಿನಲ್ಲಿ 15 ನಿಮಿಷಕ್ಕೊಂದು ಬಾಯಿ ನೋಡುತ್ತಿದ್ದೆ. ಇಲ್ಲಿ ಒಬ್ಬರಿಗೆ ಒಂದು ಗಂಟೆ. ಒಬ್ಬ ಟ್ರಕ್ ಡ್ರೈವರ್ ಇದ್ದಾರೆ, ಸಕ್ಕರೆ ಕಾಯಿಲೆ. ಮೊದಲ ದಿನ ಹಿಂದಿನ ಹಲ್ಲುಗಳಲ್ಲಿ ಪಾಕೆಟ್, ಅಂದರೆ ವಸಡು ಹಲ್ಲು ಬಿಟ್ಟ ಸಂದು, 7 ಮಿ.ಮೀ. ಆಳ, ಅಳೆಯುವ ಪ್ರೋಬ್ ಇಟ್ಟರೆ ರಕ್ತ. ಮೂರು ತಿಂಗಳಿಗೊಮ್ಮೆ ಕರೆಸಿದೆ. ಒಂದೂವರೆ ವರ್ಷಕ್ಕೆ 4ಕ್ಕೆ ಬಂತು. ಫಿಲ್ಲಿಂಗ್ ಮಾಡುವಾಗ ನನಗೆ ಯಾವತ್ತೂ ಇಂಥ ಖುಷಿ ಸಿಕ್ಕಿರಲಿಲ್ಲ.

ಒಟ್ಟಾವಾ ಎರಡು ಸಲ
ಡೆಂಟಿಸ್ಟ್‌ನಿಂದ ಹೈಜೀನಿಸ್ಟ್‌ಗೆ ಇಳಿದು ಹೋಗುವುದು ಸುಲಭ ಬಿಡಿ. ನಾನು ಎನ್‌ಡಿಇಬಿಯ ಲಿಖಿತ ಪರೀಕ್ಷೆ ಎಎಫ್‌ಕೆ ಪಾಸಾದೆ. ಒಟ್ಟಾವಾದ ಕ್ಲಿನಿಕಲ್ ಪರೀಕ್ಷೆಯಲ್ಲಿ ಎರಡು ಸಲ ಫೇಲ್. ಎರಡು ಸಲಕ್ಕೂ ಫೀಸು, ವಿಮಾನ, ಹೋಟೆಲ್, ಅಭ್ಯಾಸಕ್ಕೆ ಪ್ಲಾಸ್ಟಿಕ್ ಹಲ್ಲು ಎಲ್ಲ ಸೇರಿ 31,000 ಡಾಲರ್ ಕೈಬಿಟ್ಟಿತು. ಕ್ಯಾಪ್ ಕೂರಿಸಲು ಹಲ್ಲು ಉಜ್ಜುವ ಒಂದು ಕ್ರೌನ್ ಪ್ರಿಪರೇಷನ್‌ನಲ್ಲಿ ಪಕ್ಕದ ಹಲ್ಲಿಗೆ ಡ್ರಿಲ್ಲಿನ ಬರ್ ತಾಗಿತು, ಅಷ್ಟೇ. ಮೂರನೇ ಸಲವೂ ಹೋದರೆ ಮತ್ತೆ ಕೂರಲು ಬಿಡುವುದಿಲ್ಲ. ರಾತ್ರಿ ನಿದ್ದೆ ಬರಲ್ಲ. ಆದರೂ ಇನ್ನೊಬ್ಬರ ಕೈಕೆಳಗೆ ಬರೀ ಕ್ಲೀನಿಂಗ್ ಮಾಡುತ್ತಾ ಕೂರಲು ನಾನು ಐದು ವರ್ಷ ಓದಲಿಲ್ಲ.

ಪುತ್ತೂರು ಡಿಪ್ಲೊಮಾ
ಬರೀ ಕ್ಲೀನಿಂಗ್ ಅಂದಿರಲ್ಲ, ಅದನ್ನೇ ನಾನು 14 ವರ್ಷದಿಂದ ಮಾಡುತ್ತಿದ್ದೇನೆ. ಪಿಯುಸಿ ಆದ ಮೇಲೆ ಎರಡು ವರ್ಷದ ಡಿಪ್ಲೊಮಾ. 1948ರ ಡೆಂಟಿಸ್ಟ್ಸ್ ಆಕ್ಟ್‌ನಲ್ಲೇ ಡೆಂಟಲ್ ಹೈಜೀನಿಸ್ಟ್ ಅಂತ ಇದೆ, ಓದಿ ನೋಡಿ. ಇದ್ದೇನು ಪ್ರಯೋಜನ? ಇಲ್ಲಿ ಬೀದಿಗೊಂದು ಕ್ಲಿನಿಕ್. ಬಿಡಿಎಸ್ ಆದವರೇ ಕಡಿಮೆ ಸಂಬಳಕ್ಕೆ ಸಿಗುವಾಗ ನಮ್ಮನ್ನು ಯಾರು ಕೇಳುತ್ತಾರೆ? ನನ್ನ ಮೊದಲ ಸಂಬಳ 6,500 ರೂಪಾಯಿ. ಬಸ್ಸಿಗೇ 900. ಮೊದಲ ಎರಡು ವರ್ಷ ಸಕ್ಷನ್ ಹಿಡಿ, ಟ್ರೇ ತೊಳಿ, ಅಷ್ಟೇ.

ಒಂದು ದಿನ ಅಡಿಕೆ ತಿನ್ನುವವರೊಬ್ಬರು ಹಲ್ಲುನೋವು ಅಂತ ಬಂದರು. ಬಾಯಿಗೆ ಎರಡು ಬೆರಳು ಹೋಗುವುದೂ ಕಷ್ಟ. ಖಾರ ತಿಂದರೆ ಉರಿ ಅಂದರು. ಡಾಕ್ಟರು ಹಲ್ಲು ನೋಡಿದರು. ಕೆನ್ನೆಯ ಒಳಗೆ ಬೆಳ್ಳಗೆ ಬಿಗಿದಿದ್ದು, ಅಡಿಕೆಯಿಂದ ಬರುವ ಕಾಯಿಲೆಯ ಗುರುತು, ನೋಡಿದವಳು ನಾನು. ಆ ಮನುಷ್ಯ ಈಗಲೂ ಸಂತೆಯಲ್ಲಿ ಸಿಕ್ಕರೆ ಬಾಯಿ ತೆರೆದು ತೋರಿಸುತ್ತಾರೆ, ಅಡಿಕೆ ಬಿಟ್ಟಿದ್ದೇನೆ ಅಂತ.

ಒಟ್ಟಾವಾ ಎರಡು ಸಲ
ಡಯಾಗ್ನೋಸಿಸ್ ಮಾಡುವುದು ನಿಮ್ಮ ಕೆಲಸ ಅಲ್ಲ ಮೇಡಂ.

ಪುತ್ತೂರು ಡಿಪ್ಲೊಮಾ
ಡಯಾಗ್ನೋಸಿಸ್ ಅಂತ ನಾನು ಎಲ್ಲಿ ಬರೆದೆ? ಸರ್, ಇಲ್ಲಿ ನೋಡಿ ಅಂದೆ. ಕಣ್ಣಿಗೂ ಲೈಸೆನ್ಸ್ ಬೇಕಾ?

ಗದಗದ ಅಣ್ಣ
ನಡುವೆ ಬಾಯಿ ಹಾಕ್ತೀನಿ, ಬೇಜಾರಾಗಬೇಡಿ. ನಮ್ಮ ಅವ್ವನಿಗೆ ಹಲ್ಲು ಕ್ಲೀನ್ ಮಾಡಿಸಿದ ಮೇಲೇ ಹಲ್ಲು ಅಲ್ಲಾಡಲು ಶುರುವಾಯಿತು. 1,200 ರೂಪಾಯಿ ಕೊಟ್ಟು ಹಲ್ಲು ಕಳೆದುಕೊಂಡಂತೆ ಆಯಿತು. ನಮ್ಮಜ್ಜ ಬೇವಿನ ಕಡ್ಡಿಯಲ್ಲೇ 80 ವರ್ಷ ಕಳೆದರು.

ಮಿಸಿಸಾಗಾ ಮಲ್ಲಿಗೆ
ಬಂದ್ರಲ್ಲಾ ಇವರೂ! ಅಣ್ಣಾ, ಹಲ್ಲಿನ ಸುತ್ತ ಮೂಳೆ ಮೊದಲೇ ಕರಗಿತ್ತು. ಕ್ಯಾಲ್ಕುಲಸ್ ಅಕ್ಕಪಕ್ಕದ ಹಲ್ಲನ್ನು ಅಂಟಿಸಿ ನಿಲ್ಲಿಸಿತ್ತು. ಅದನ್ನು ತೆಗೆದಾಗ ಒಳಗಿನ ಸ್ಥಿತಿ ಗೊತ್ತಾಯಿತು.

ಪುತ್ತೂರು ಡಿಪ್ಲೊಮಾ
ಇದೊಂದನ್ನು ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅಜ್ಜನಿಗೆ ಎಷ್ಟು ಹಲ್ಲು ಉಳಿದಿತ್ತು, ಎಣಿಸಿದ್ದೀರಾ?

ಗದಗದ ಅಣ್ಣ
ಎಣಿಸಿಲ್ಲ. ಆದರೆ ಚಕ್ಕುಲಿ ತಿನ್ನುತ್ತಿದ್ದರು.

ಹಳೇ ಕೈ
ಎಲ್ಲರೂ ಪಾಕೆಟ್ಟು, ಪರೀಕ್ಷೆ ಅಂತ ಬರೆದಿರಿ. ಕೈ ಬಗ್ಗೆ ಯಾರೂ ಬರೆಯಲಿಲ್ಲ. ನನ್ನದು 11 ವರ್ಷ. ಮಣಿಕಟ್ಟಿನ ನರ ಒತ್ತಿ ಬಲಗೈಗೆ ಕಾರ್ಪಲ್ ಟನಲ್ ಆಪರೇಷನ್ ಆಗಿದೆ, ಎಡಗೈಗೆ ರಾತ್ರಿ ಸ್ಪ್ಲಿಂಟ್ ಪಟ್ಟಿ. ಫಿಸಿಯೋಗೆ ಒಂದು ಸಲಕ್ಕೆ 95 ಡಾಲರ್, ವಿಮೆ ಮಾರ್ಚ್‌ನಲ್ಲೇ ಮುಗಿಯುತ್ತಿತ್ತು. ಚಪಾತಿ ಹಿಟ್ಟು ನಾದುವುದು ಯಜಮಾನರೇ.

ಇನ್ನು ಯೂನಿಟ್ ಕಥೆ. ಇಲ್ಲಿ ಸ್ಕೇಲಿಂಗ್, ಅಂದರೆ ಕ್ಯಾಲ್ಕುಲಸ್ ತೆಗೆಯುವುದು, ಯೂನಿಟ್ ಲೆಕ್ಕದಲ್ಲಿ ಬಿಲ್ ಆಗುತ್ತದೆ. ಒಂದು ಯೂನಿಟ್ ಅಂದರೆ 15 ನಿಮಿಷ. ಮೂರು ಯೂನಿಟ್ ಕೆಲಸ ಮಾಡಿದರೆ ನಾಲ್ಕು ಬರೆಯಿರಿ ಅನ್ನುವ ಕಡೆಯೂ ಇದ್ದೆ. ಬರೆಯಲಿಲ್ಲ. ಕೆಲಸ ಬಿಟ್ಟೆ.

ಮಿಸಿಸಾಗಾ ಮಲ್ಲಿಗೆ
ಕ್ಲಿನಿಕ್ ಸರಿ ಇಲ್ಲದಿದ್ದರೆ ಕೆಲಸವನ್ನೇ ಬೈದರೆ ಹೇಗೆ? ಒಂಟಾರಿಯೊದಲ್ಲಿ 2007ರಿಂದ ಡೆಂಟಿಸ್ಟ್ ಆರ್ಡರ್ ಇಲ್ಲದೆ ನಾವೇ ಸ್ಕೇಲಿಂಗ್ ಶುರು ಮಾಡಬಹುದು. ಸ್ವಂತ ಪ್ರಾಕ್ಟೀಸ್ ಮಾಡಬೇಕಿತ್ತು.

ಹಳೇ ಕೈ
ಮಾಡಿದ್ದೆ ರೀ! ಕೇಳದೆ ಬುದ್ಧಿ ಹೇಳಬೇಡಿ. ಹೊತ್ತೊಯ್ಯುವ ಸ್ಕೇಲಿಂಗ್ ಮೆಷಿನ್, ಮಡಚುವ ಕುರ್ಚಿ, ಕಾರಿನ ಡಿಕ್ಕಿ ತುಂಬ ಸಾಮಾನು. ಒಟ್ಟು 17,000 ಡಾಲರ್. ವೃದ್ಧಾಶ್ರಮಗಳಿಗೆ ಹೋಗುತ್ತಿದ್ದೆ. ತಾವೇ ಬ್ರಷ್ ಹಿಡಿಯಲಾಗದವರು, ಮರೆವಿನವರು. ಒಬ್ಬ ಅಜ್ಜಿ ಪ್ರತಿ ಸಲ ನನ್ನನ್ನು ತಂಗಿ ಅಂದುಕೊಂಡು ಬಾಯಿ ತೆರೆಯುತ್ತಿದ್ದರು, ಬೇರೆ ಯಾರಿಗೂ ತೆರೆಯುತ್ತಿರಲಿಲ್ಲ. ಮೂರು ವರ್ಷ ನಡೆಸಿದೆ. ಲಾಭ ಒಂದು ವರ್ಷ ಮಾತ್ರ ಬಂತು. ಆ ಭಾರ ಎತ್ತಿಯೇ ಕೈ ಪೂರ್ತಿ ಹೋಯಿತು.

ಒಟ್ಟಾವಾ ಎರಡು ಸಲ
ಅದಕ್ಕೇ ಹೇಳಿದ್ದು, ಡೆಂಟಿಸ್ಟ್ ಆದರೆ ಇದೆಲ್ಲ ಇಲ್ಲ.

ಹಳೇ ಕೈ
ಡೆಂಟಿಸ್ಟ್‌ಗಳಿಗೆ ಕೈ, ಕುತ್ತಿಗೆ ಇಲ್ವಾ? ನನ್ನ ಫಿಸಿಯೋ ಹತ್ತಿರ ಬಂದು ನೋಡಿ.

ಬೆಣ್ಣೆದೋಸೆ ಊರಿನವಳು
ಎಲ್ಲರಿಗೂ ಥ್ಯಾಂಕ್ಸ್. ಮಗು ಚಿಕ್ಕದಿದ್ದವರು ಯಾರೂ ಇಲ್ವಾ?

ಮಿಸಿಸಾಗಾ ಮಲ್ಲಿಗೆ
ನನ್ನ ಮಗಳಿಗೆ ಆಗ 3. ಅಮ್ಮ ಬಂದಿದ್ದರು, ವೀಸಾ ಮುಗಿದು ಫೈನಲ್ ಪರೀಕ್ಷೆಗೆ 9 ದಿನ ಇರುವಾಗ ವಾಪಸ್ ಹೋದರು. ಆ ವಿಮಾನದ ಟಿಕೆಟ್ ಕಥೆ ಇನ್ನೊಂದು ದಿನ ಬರೆಯುತ್ತೇನೆ.

ಹಳೇ ಕೈ
ದಾವಣಗೆರೆಯವರೇ, ಸೇರುವುದಾದರೆ ಹೇಳಿ. ನನ್ನ ಕಿಟ್ ಕೊಡುತ್ತೇನೆ, ಲೂಪ್ ಕೂಡ. ಕಾಲೇಜಿನಲ್ಲಿ ಒಪ್ಪುತ್ತಾರಾ ಕೇಳಿಕೊಳ್ಳಿ. ಹಲ್ಲು ಕೆರೆಯುವ 13/14 ಗ್ರೇಸಿ ಒಂದು ಬಿಟ್ಟು. ಅದು ಸಾಣೆ ಹಿಡಿದು ಹಿಡಿದು ಸವೆದಿದೆ, ನಿಮಗೆ ಉಪಯೋಗಕ್ಕೆ ಬರಲ್ಲ, ನನ್ನ ಹತ್ತಿರವೇ ಇರಲಿ.