ಜಪ, ಭಜನೆ ಮತ್ತು ಹೃದಯ: ಸಂಶೋಧನೆಗಳು ಏನನ್ನುತ್ತವೆ?

ಪ್ರಶ್ನೆ (ತೀರ್ಥಹಳ್ಳಿ)
ಕಳೆದ ಮಳೆಗಾಲದಲ್ಲಿ ನಮ್ಮ ಅಪ್ಪಯ್ಯನಿಗೆ ಶಿವಮೊಗ್ಗದಲ್ಲಿ ಸ್ಟೆಂಟ್ ಹಾಕಿಸಿದೆವು. ಆಮೇಲೆ ಬೆಳಗಿನ ಜಪದ ಹೊತ್ತು ಹೆಚ್ಚಾಗಿದೆ. ಶನಿವಾರದ ಭಜನೆಯನ್ನಂತೂ ಎಂಥ ಮಳೆಯಿದ್ದರೂ ತಪ್ಪಿಸುವುದಿಲ್ಲ. ಮೊದಲಿಗಿಂತ ಗೆಲುವಾಗಿದ್ದಾರೆ. ಆದರೆ ಏಕಾದಶಿಯಂದು ಊಟದ ಜೊತೆಗೆ ಮಾತ್ರೆಯನ್ನೂ ಬಿಡುತ್ತಾರೆ. ಕೇಳಿದರೆ, ಕಾಯುವವನು ಬೇರೆ ಇದ್ದಾನೆ ಎನ್ನುತ್ತಾರೆ. ಅಧ್ಯಾತ್ಮದಿಂದ ಹೃದಯಕ್ಕೆ ಒಳಿತಾಗುತ್ತದೆ ಎಂಬುದಕ್ಕೆ ಆಧಾರವೇನಿದೆ? ಬಲ್ಲವರು ತಿಳಿಸಬೇಕು.

ಉತ್ತರ (ಶಿವಮೊಗ್ಗ)
ಹಿಂದೆ ಸಂಶೋಧಕರು ಪರೀಕ್ಷಿಸುತ್ತಿದ್ದುದು, ಬೇರೆಯವರು ಮಾಡುವ ಪ್ರಾರ್ಥನೆಯಿಂದ ರೋಗಿ ಚೇತರಿಸಿಕೊಳ್ಳುವನೇ ಎಂಬುದನ್ನು. ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ಅವರ ತಂಡ ಬೈಪಾಸ್ ಮಾಡಿಸಿಕೊಂಡ 1,802 ರೋಗಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾರ್ಥನೆ ಸಲ್ಲುವುದೋ ಇಲ್ಲವೋ ಎಂದು ತಿಳಿಯದಿದ್ದ ಎರಡು ಗುಂಪುಗಳಲ್ಲಿ ತೊಡಕು ಕಂಡವರು, ಪ್ರಾರ್ಥನೆ ಸಂದ ಗುಂಪಿನಲ್ಲಿ ಶೇ. 52, ಸಲ್ಲದ ಗುಂಪಿನಲ್ಲಿ ಶೇ. 51. ತಮಗಾಗಿ ಪ್ರಾರ್ಥನೆ ನಡೆಯುತ್ತದೆಂದು ಖಚಿತವಾಗಿ ತಿಳಿದಿದ್ದವರಲ್ಲಿ ಶೇ. 59. (ಅಷ್ಟು ಗಂಭೀರವಾಯಿತೇ ನನ್ನ ಸ್ಥಿತಿ ಎಂದು ಗಾಬರಿಯಾದರೋ ಏನೋ!) ಪ್ರಾರ್ಥಿಸುವವನ ದೇಹದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಯೇ ನನಗೆ ಹೆಚ್ಚು ಫಲ ಕೊಟ್ಟಂತೆ ಕಾಣುತ್ತದೆ. ಇಟಲಿಯ ಪಾವಿಯಾದ ಸಂಶೋಧಕರು 2001ರಲ್ಲಿ ತೋರಿಸಿದಂತೆ, ಜಪಮಾಲೆಯ ಕ್ರೈಸ್ತ ಪ್ರಾರ್ಥನೆಯಾಗಲಿ ಮಂತ್ರಜಪವಾಗಲಿ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸುತ್ತದೆ. ಆ ಲಯದಲ್ಲಿ ರಕ್ತದೊತ್ತಡದ ಏರಿಳಿತಕ್ಕೆ ಹೃದಯ ಸ್ಪಂದಿಸುವ ವ್ಯವಸ್ಥೆ ಚುರುಕಾಗುತ್ತದೆ. ಪರೀಕ್ಷೆಗೆ ಒಳಗಾದವರು 23 ಮಂದಿ ಆರೋಗ್ಯವಂತರು ಮಾತ್ರ ಎಂಬುದನ್ನು ಮರೆಯಬಾರದು.

ಉತ್ತರ (ಸಾಗರ)
ಭಜನೆಯ ಕುರಿತು ಒಂದು ಮಾತು. ಅಮೆರಿಕದ 74,534 ಮಹಿಳೆಯರನ್ನು ಹಲವು ವರ್ಷ ಗಮನಿಸಿದ 2016ರ ಅಧ್ಯಯನದಲ್ಲಿ, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಸಾಮೂಹಿಕ ಪ್ರಾರ್ಥನೆಗೆ ಹೋಗುತ್ತಿದ್ದವರ ಸಾವಿನ ಪ್ರಮಾಣ, ಹೋಗದವರಿಗಿಂತ ಶೇ. 33ರಷ್ಟು ಕಡಿಮೆಯಿತ್ತು. ಇದರಲ್ಲಿ ದೇವರ ಪಾಲೆಷ್ಟು, ಧೂಮಪಾನ ಮಾಡದಿರುವುದರ ಪಾಲೆಷ್ಟು, ಒಂದು ವಾರ ಬಾರದಿದ್ದರೆ ಮನೆಗೇ ಬಂದು ವಿಚಾರಿಸುವ ಜನರ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಹೃದಯಾಘಾತವಾದ 3,959 ಭಾರತೀಯರಿಗೆ ಯೋಗಾಧಾರಿತ ಪುನಶ್ಚೇತನವನ್ನು ಪರೀಕ್ಷಿಸಿದಾಗಲೂ, ಮತ್ತೆ ಆಘಾತವಾಗುವುದಾಗಲಿ ಸಾವಾಗಲಿ ಖಚಿತವಾಗಿ ತಗ್ಗಲಿಲ್ಲ. ಆರೋಗ್ಯ ಸುಧಾರಿಸಿದೆ ಎಂಬ ರೋಗಿಗಳ ಅನುಭವ ಮಾತ್ರ ಹೆಚ್ಚಿತು.

ಉತ್ತರ (ಕೊಪ್ಪ)
ಮಾತ್ರೆಯ ವಿಷಯ ತಡಮಾಡುವಂಥದ್ದಲ್ಲ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ತಪ್ಪಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಉಪವಾಸದ ದಿನ ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ವೈದ್ಯರಿಂದ ಬರೆಸಿಕೊಳ್ಳಿ. ವ್ರತವನ್ನು ಕೆಡಿಸದ ಎಂಟು ಸಂಗತಿಗಳೆಂದು ಧರ್ಮಶಾಸ್ತ್ರದ ಶ್ಲೋಕವೊಂದು ನೀರು, ಹಣ್ಣು, ಹಾಲುಗಳೊಂದಿಗೆ ಔಷಧವನ್ನೂ ಎಣಿಸುತ್ತದೆ. ನಿಮ್ಮ ಮನೆಯ ಪುರೋಹಿತರಿಂದಲೇ ಅದನ್ನು ಹೇಳಿಸಿ ನೋಡಿ.