ವಾಟ್ಸಾಪಿನಲ್ಲಿ ಕಳೆದುಹೋಗುವ ಲಿಂಕುಗಳನ್ನು ನೀವು ಎಲ್ಲಿ ಇಡುತ್ತೀರಿ?

ಗಂಗಾವತಿ ಲೈಬ್ರರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಗ್ರಂಥಪಾಲಕಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಗ್ರಂಥಪಾಲಕರು, ಪಿಎಚ್‌ಡಿ ಮಾಡುವವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಒಳ್ಳೆಯ ಲೇಖನ, ಹಳೆಯ ಗೆಜೆಟಿಯರ್, ಶೋಧಗಂಗಾದ (ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಜಾಲತಾಣ) ಪ್ರಬಂಧ ಸಿಕ್ಕರೆ ಅಲ್ಲಿ ಹಾಕುತ್ತಾರೆ. ಹಾಕುವುದಕ್ಕೆ ಕೊರತೆ ಇಲ್ಲ. ಬೇಕಾದಾಗ ಕೈಗೆ ಸಿಗುವುದಿಲ್ಲ, ಅದೇ ಕಷ್ಟ.

ಹೋದ ವಾರ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬಂದಿದ್ದಳು. ಇಲ್ಲೇ ಹತ್ತಿರದ ಹಿರೇಬೆಣಕಲ್ಲಿನ ಬೆಟ್ಟದ ಮೇಲಿರುವ ಪ್ರಾಚೀನ ಕಲ್ಲುಮನೆಗಳ ಮೇಲೆ ಕೆಲಸ ಮಾಡುತ್ತಿದ್ದಾಳೆ. "ಮೇಡಂ, ಬೇಸಿಗೆಯಲ್ಲಿ ಯಾರೋ ಒಂದು ಥೀಸಿಸ್ ಹಾಕಿದ್ದರಲ್ಲ, ಅದು ಬೇಕಿತ್ತು" ಎಂದಳು. ನನಗೂ ನೆನಪಿತ್ತು. ಕೌಂಟರಿನ ಆ ಕಡೆ ಅವಳು, ಈ ಕಡೆ ನಾನು, ಇಬ್ಬರೂ ಫೋನ್ ಸರಿಸುತ್ತಾ ಹೋದೆವು. ಗುಡ್ ಮಾರ್ನಿಂಗ್, ಹುಟ್ಟುಹಬ್ಬ, ವರ್ಗಾವಣೆ ಸುದ್ದಿ, ನಡುವೆ ಎಲ್ಲೋ ಒಂದು ಲಿಂಕು. ಮುಕ್ಕಾಲು ಗಂಟೆಯಾದ ಮೇಲೆ ಸಿಕ್ಕಿದ್ದು ಒಂದೇ ಒಂದು ಪಿಡಿಎಫ್. ಅದರ ಹೆಸರು '05 ಚಾಪ್ಟರ್ 1'. ಬರೆದವರು ಯಾರು, ಯಾವ ವಿಶ್ವವಿದ್ಯಾಲಯ, ಯಾವ ವರ್ಷ, ಏನೂ ಇಲ್ಲ. ಅಡಿಟಿಪ್ಪಣಿಯಲ್ಲಿ ಏನಂತ ಬರೆಯಬೇಕು ಅವಳು? ನಾಲ್ಕರ ಬಸ್ಸಿಗೆ ಬರಿಗೈಯಲ್ಲಿ ಹೋದಳು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹುಡುಕಿ ಕೊಡುವುದೇ ನನ್ನ ಕೆಲಸ ಅಲ್ವಾ?

ಲಿಂಕಿಗೆ ಟ್ಯಾಗ್ (ವಿಷಯ ಹೇಳುವ ಗುರುತಿನ ಪದ) ಹಚ್ಚಿ ಎಲ್ಲರಿಗೂ ಕಾಣುವಂತೆ ಇಡುವ ಸೋಷಿಯಲ್ ಬುಕ್‌ಮಾರ್ಕಿಂಗ್ ಬಗ್ಗೆ ಓದುವ ಕಾಲದಲ್ಲಿ ಕೇಳಿದ್ದೆ. ಆಗ ಹೇಳಿಕೊಟ್ಟ ಹೆಸರುಗಳೆಲ್ಲ ಈಗ ಇಲ್ಲ. ಕನೋಟಿಯಾ 2013ರಲ್ಲಿ ನಿಂತಿತು, ಸೈಟ್‌ಯುಲೈಕ್ 2019ರಲ್ಲಿ. ನೀವು ಯಾರಾದರೂ ಗುಂಪಾಗಿ ಏನಾದರೂ ಬಳಸುತ್ತಿದ್ದೀರಾ? ದುಡ್ಡು ಕೊಡದೆ ಸಿಗುವುದು ಬೇಕು.

ರಾಯಚೂರು ರಿಸರ್ಚ್ ಸ್ಕಾಲರ್

ಮೇಡಂ, ಜೊಟೆರೊ ನೋಡಿ. ಲೇಖನ, ಪುಸ್ತಕಗಳ ವಿವರ ಕೂಡಿಡುವ ತಂತ್ರಾಂಶ. ಪುಕ್ಕಟೆ. ಅದರಲ್ಲಿ ಗ್ರೂಪ್ ಲೈಬ್ರರಿ ಅಂತ ಮಾಡಬಹುದು. ಬ್ರೌಸರಿಗೆ ಅದರ ಬಟನ್ ಸೇರಿಸಿಕೊಂಡರೆ, ಲೇಖನದ ಪುಟ ತೆರೆದು ಒಮ್ಮೆ ಒತ್ತಿದರೆ ಸಾಕು. ಎಷ್ಟೋ ತಾಣಗಳಲ್ಲಿ ಬರೆದವರ ಹೆಸರು, ವರ್ಷ, ಪತ್ರಿಕೆಯ ಹೆಸರು ತಾನಾಗಿ ಬಂದು ಕೂರುತ್ತದೆ. ಬಾರದಿದ್ದರೆ ಆಗಲೇ ಕೈಯಿಂದ ತುಂಬಿಬಿಡಿ. ಆಮೇಲೆ ಅಂದರೆ ಆಗೋದಿಲ್ಲ.

ಎರಡು ಮಾತು. ಫೈಲ್ ಇಡಲು ಪುಕ್ಕಟೆ ಸಿಗುವ ಜಾಗ 300 ಎಂಬಿ ಮಾತ್ರ. ಲಿಂಕು, ವಿವರಕ್ಕೆ ಆ ಮಿತಿ ಇಲ್ಲ. ಹಾಗಾಗಿ ಪಿಡಿಎಫ್ ತುಂಬಬೇಡಿ, ಲಿಂಕು ಇಡಿ. ಕಾಪಿರೈಟ್ ತಕರಾರೂ ಬರುವುದಿಲ್ಲ. ಇನ್ನೊಂದು, ಶೋಧಗಂಗಾದಲ್ಲಿ ಪ್ರಬಂಧ ಅಧ್ಯಾಯಕ್ಕೊಂದು ಪಿಡಿಎಫ್ ಆಗಿ ಇರುತ್ತದೆ. ನಿಮಗೆ ಸಿಕ್ಕಿದ್ದು ಅಂಥದ್ದೇ ಒಂದು ತುಂಡು. ಪಿಡಿಎಫ್ ವಿಳಾಸ ಬೇಡ. ಪ್ರಬಂಧದ ಮುಖ್ಯ ಪುಟದಲ್ಲಿ ಯುಆರ್‌ಐ ಅಂತ ಒಂದು ಸಾಲು ಇರುತ್ತದೆ, 'ಹ್ಯಾಂಡಲ್' ಎಂಬ ಪದ ಇರುವ ಶಾಶ್ವತ ವಿಳಾಸ. ಅದನ್ನೇ ನಕಲು ಮಾಡಿ.

ಬಳ್ಳಾರಿ, ನಿವೃತ್ತ ಗ್ರಂಥಪಾಲಕ

ತಂಗಿ, ಈ ಹುಡುಗ ಸರಿಯಾಗಿ ಹೇಳಿದ್ದಾನೆ. ಆದರೆ ನಿಮ್ಮ ಗುಂಪು ಸೋಲುವುದು ತಂತ್ರಾಂಶದಿಂದ ಅಲ್ಲ, ಹೆಸರಿನಿಂದ.

ನಾವು ಹದಿನಾಲ್ಕು ಜನ ಹಿಂದೆ ಹೀಗೇ ಒಂದು ತಾಣದಲ್ಲಿ ಶುರು ಮಾಡಿದ್ದೆವು. ನಮ್ಮ ಊರಿನ ಹೆಸರನ್ನೇ ಒಬ್ಬರು ಕನ್ನಡದಲ್ಲಿ ಬರೆದರು, ಒಬ್ಬರು ಇಂಗ್ಲಿಷಿನಲ್ಲಿ ಬೆಲ್ಲಾರಿ ಎಂದರು. 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷಿನಲ್ಲೂ ಬಳ್ಳಾರಿ ಎಂದೇ ಮಾಡಿತು. ಆಮೇಲೆ ಮೂರನೆಯದು ಹುಟ್ಟಿಕೊಂಡಿತು. ಒಂದೇ ಊರು, ಮೂರು ಟ್ಯಾಗು. ಒಂದನ್ನು ಒತ್ತಿದರೆ ಉಳಿದ ಎರಡರಲ್ಲಿ ಇರುವುದು ಕಾಣುವುದೇ ಇಲ್ಲ. ಜನ ಬೇಸತ್ತು ಬಿಟ್ಟರು. ಆ ತಾಣವೂ ಮುಚ್ಚಿತು. ಯಾರೂ ಪ್ರತಿ ತೆಗೆದಿಟ್ಟಿರಲಿಲ್ಲ. ಎರಡು ವರ್ಷದ ಕೆಲಸ ಹೋಯಿತು, ಇವತ್ತಿಗೂ ಸಂಕಟ ಆಗುತ್ತದೆ.

ನಮ್ಮ ಕಾರ್ಡ್ ಕ್ಯಾಟಲಾಗ್ ನೆನಪಿದೆಯಾ? ಡ್ರಾಯರಿನಲ್ಲಿ ಒಂದೊಂದು ಕಾರ್ಡಿನ ಮೇಲೆ ಬರೀ 'ನೋಡಿ' ಎಂದು ಇರುತ್ತಿತ್ತು. ಈ ಹೆಸರಿಗೆ ಬಂದವರು ಆ ಹೆಸರಿಗೆ ಹೋಗಿ ಅಂತ. ಟ್ಯಾಗಿಗೂ ಅದೇ ಬೇಕು. ಒಂದು ಹಾಳೆಯಲ್ಲಿ ಒಪ್ಪಿದ ಹೆಸರು ಎಡಕ್ಕೆ, ಬೇರೆ ರೂಪಗಳು ಬಲಕ್ಕೆ. 1915ರಲ್ಲಿ ಮಸ್ಕಿ ಶಾಸನ ಸಿಕ್ಕಾಗ ಇತಿಹಾಸಕ್ಕೆ ಆದ ಉಪಕಾರವೂ ಇದೇ ಅಲ್ವಾ? ಅಲ್ಲಿಯತನಕ ಬಂಡೆಗಳ ಮೇಲೆ ಇದ್ದದ್ದು ದೇವಾನಾಂಪ್ರಿಯ ಎಂಬ ಬಿರುದು. ಮಸ್ಕಿಯ ಬಂಡೆ ಅದರ ಜೊತೆಗೆ ಅಶೋಕ ಎಂದೂ ಹೇಳಿತು. ನಮ್ಮ ರಾಯಚೂರು ಸೀಮೆಯ ದೊಡ್ಡ 'ನೋಡಿ' ಕಾರ್ಡು ಅದು.

ತಿಂಗಳಿಗೊಮ್ಮೆ ಪೂರ್ತಿ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ ಇಬ್ಬರ ಕಂಪ್ಯೂಟರಿನಲ್ಲಿ ಇಡಿ. ಇದನ್ನು ಮಾತ್ರ ಮರೆಯಬೇಡ ತಂಗಿ.

ಗಂಗಾವತಿ ಲೈಬ್ರರಿ

ಸರ್, ನಿಮ್ಮ ಉತ್ತರವನ್ನು ಪ್ರಿಂಟ್ ತೆಗೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ.

ಶನಿವಾರ ಮಧ್ಯಾಹ್ನ ಐದು ಜನ ಕೂತೆವು. ಮೊದಲಿಗೆ ಹಿರೇಬೆಣಕಲ್ ಒಂದನ್ನೇ ತೆಗೆದುಕೊಂಡೆವು. ಊರಿನ ಹೆಸರೇ ಇಂಗ್ಲಿಷಿನಲ್ಲಿ ನಾಲ್ಕು ರೀತಿ ಇದೆ. ಒಂದೇ ಪದವಾಗಿ, ಎರಡು ಪದವಾಗಿ, ನಡುವೆ 'ಅ' ಇಟ್ಟು, ಬಿಟ್ಟು. ವಿಷಯದ ಹೆಸರಿನಲ್ಲಿ ಇನ್ನೂ ಜಾಸ್ತಿ. ಡಾಲ್ಮೆನ್, ಮೆಗಾಲಿತ್, ಬೃಹತ್ ಶಿಲಾಯುಗ. ಹೀಗೆ ಬರೆಯುತ್ತಾ ಇದ್ದಾಗ ಆ ಹುಡುಗಿ, ಅವಳನ್ನೂ ಕರೆದಿದ್ದೆ, ಮೆಲ್ಲಗೆ ಕೇಳಿದಳು: "ಮೇಡಂ, ಈ ಕಲ್ಲುಮನೆಗಳಿಗೆ ಊರಿನವರು ಮೋರೇರ ಮನೆ ಅಂತಾರೆ. ಅದನ್ನು ಎಲ್ಲಿ ಬರೆಯೋದು?" ಯಾರಿಗೂ ಹೊಳೆದಿರಲಿಲ್ಲ. ಬೆಟ್ಟ ಹತ್ತಿ ದಾರಿ ಕೇಳುವವರಿಗೆ ಬೇಕಾಗುವುದು ಆ ಹೆಸರೇ. ಅದಕ್ಕೆ ಅದನ್ನು ಬಲಗಡೆ ತಳ್ಳಲಿಲ್ಲ. ಅದಕ್ಕೇ ಒಂದು ಟ್ಯಾಗ್ ಮಾಡಿದೆವು. ನೀವು ಹೇಳಿದ ಕ್ರಮಕ್ಕೆ ಇದು ಸರಿಹೊಂದುತ್ತದೋ ಇಲ್ಲವೋ, ಹೇಳಿ ಸರ್.

ಅವಳ ಥೀಸಿಸ್ಸೂ ಸಿಕ್ಕಿತು. ಅಧ್ಯಾಯದ ಮೊದಲ ಸಾಲನ್ನು ಹಿಡಿದು ಹುಡುಕಿ ಮುಖ್ಯ ಪುಟ ತಲುಪಿದೆವು. ಕೆಳಗೆ ಅವಳೇ ಒಂದು ಸಾಲು ಟಿಪ್ಪಣಿ ಬರೆದಳು: "ನಕ್ಷೆ ಚೆನ್ನಾಗಿದೆ, ಮೂರನೇ ಅಧ್ಯಾಯ ನೋಡಿ."

ಬಳ್ಳಾರಿ, ನಿವೃತ್ತ ಗ್ರಂಥಪಾಲಕ

ಸರಿಹೊಂದುತ್ತದೆ. ಜನ ಆಡುವ ಹೆಸರಿಗೆ ಅದರದೇ ಕಾರ್ಡು ಇರಲಿ. ಆ ಹುಡುಗಿಗೆ ನನ್ನ ಆಶೀರ್ವಾದ ಹೇಳಿ.

ಗಂಗಾವತಿ ಲೈಬ್ರರಿ

ಹೇಳುತ್ತೇನೆ ಸರ್. ಮುಂದಿನ ಶನಿವಾರ ಅಶೋಕನ ಶಾಸನಗಳು. ಗವಿಮಠ, ಪಾಲ್ಕಿಗುಂಡು ನಾವು ಮಾಡುತ್ತೇವೆ. ನಿಟ್ಟೂರು, ಉದೆಗೋಳ ಬಳ್ಳಾರಿಯವರಿಗೆ. ರಾಯಚೂರಿನವರೇ, ಮಸ್ಕಿ ನಿಮ್ಮದು.